ಕೊಳವಿತ್ತು, ಇಳಿಸುವವರಿರಲಿಲ್ಲ

ಆರೋಗ್ಯ ಎಂಬ ಪದಕ್ಕೆ ನಮ್ಮ ನಾಡಿನ ಕಥೋಲಿಕ ಮನೆಗಳಲ್ಲಿ ವಿಶೇಷವಾದ ಸ್ಥಾನವಿದೆ. ಮಾತೆ ಮರಿಯಮ್ಮನವರನ್ನು ನಾವು ಆರೋಗ್ಯಮಾತೆಯೆಂದು ಕರೆಯುತ್ತೇವೆ. ಸೆಪ್ಟೆಂಬರ್ ಬಂತೆಂದರೆ ಕಾವಿ ಉಟ್ಟು, ಹರಕೆ ಹೊತ್ತು ಶಿವಾಜಿನಗರದ ಬಸಿಲಿಕದ ಕಡೆಗೆ ನಡೆಯುತ್ತೇವೆ. ಮಕ್ಕಳಿಗೆ ಆರೋಗ್ಯಸ್ವಾಮಿ, ಆರೋಗ್ಯಮೇರಿ ಎಂದು ಹೆಸರಿಡುವ ವಾಡಿಕೆಯೂ ನಮ್ಮಲ್ಲುಂಟು. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ನಮ್ಮ ಬೇಡಿಕೆಗಳ ಮೊದಲ ಸಾಲಿನಲ್ಲಿ ನಿಲ್ಲುವುದೂ ಅದೇ. ಆದರೆ ಇಷ್ಟು ಬಳಕೆಯಲ್ಲಿರುವ ಪದದ ಅರ್ಥವನ್ನು ನಾವು ಎಷ್ಟರಮಟ್ಟಿಗೆ ಚಿಂತಿಸಿದ್ದೇವೆ? ಆರೋಗ್ಯವೆಂದರೆ ರೋಗವಿಲ್ಲದಿರುವ ಸ್ಥಿತಿ. ನಾವು ಬೇಡುವುದಾದರೋ ಬಹುಪಾಲು ಬಂದ ರೋಗದ ಶಮನವನ್ನು. ರೋಗವೇ ಬಾರದಂತೆ ಬಾಳುವ ಪರಿಸ್ಥಿತಿಯನ್ನು ಯಾರು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬ ಪ್ರಶ್ನೆಯನ್ನು ಆಸ್ಪತ್ರೆಗೆ ಬಿಟ್ಟು ಸುಮ್ಮನಾಗುತ್ತೇವೆ.

ದಕ್ಷಿಣ ಬೆಂಗಳೂರಿನಲ್ಲಿ ಹೀಗೆ ಸುಮ್ಮನಾಗುವುದು ಇನ್ನೂ ಸುಲಭ. ಜಯನಗರದಲ್ಲಿ ಸಾರ್ವಜನಿಕ ಆಸ್ಪತ್ರೆಯಿದೆ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್, ಕಿದ್ವಾಯಿ ಗಂಥಿ ಸಂಸ್ಥೆಗಳಿವೆ, ಬಿ.ಟಿ.ಎಂ. ಬಡಾವಣೆಗೆ ಕೂಗಳತೆಯಲ್ಲಿ ನಮ್ಮದೇ ಧರ್ಮಸಭೆಯ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಇಷ್ಟೆಲ್ಲ ಇರುವ ಪ್ರದೇಶದಲ್ಲಿ ಆರೋಗ್ಯಕ್ಕೇನು ಕೊರತೆ ಎಂದು ಯಾರಾದರೂ ಕೇಳಬಹುದು. ಆದರೆ ಈ ಬಡಾವಣೆಗಳ ಮನೆಗಳಲ್ಲಿ ಪಾತ್ರೆ ತೊಳೆದು, ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಬೀದಿ ಗುಡಿಸಿ ಬದುಕುವವರು ವಾಸಿಸುವ ಓಣಿಗಳಲ್ಲಿ ನಿಂತು ನೋಡಿದರೆ ಅದೇ ಪ್ರಶ್ನೆ ಬೇರೆಯಾಗಿಯೇ ಕೇಳಿಸುತ್ತದೆ.

ಪ್ಲೇಗು ಕಲಿಸಿದ ಪಾಠ

ನಮ್ಮ ನಗರದ ಇತಿಹಾಸವೇ ಇದಕ್ಕೊಂದು ನಿದರ್ಶನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಸಾವಿರಾರು ಮಂದಿ ತೀರಿಕೊಂಡರು. ಊರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಆ ಭಯದ ಫಲವಾಗಿ ಬಸವನಗುಡಿ, ಮಲ್ಲೇಶ್ವರದಂತಹ ಹೊಸ ಬಡಾವಣೆಗಳು ತ್ವರಿತವಾಗಿ ಬೆಳೆದವು. ಅಗಲವಾದ ರಸ್ತೆ, ಮನೆಮನೆಯ ನಡುವೆ ಗಾಳಿಯಾಡುವ ತೆರಪು, ಚರಂಡಿ, ಉದ್ಯಾನ ಇವೆಲ್ಲ ಸೌಂದರ್ಯಕ್ಕಾಗಿ ಮಾತ್ರ ಬಂದವಲ್ಲ, ರೋಗವನ್ನು ದೂರವಿಡಲೆಂದು ಬಂದವು. ಅರ್ಧ ಶತಮಾನದ ನಂತರ, 1940ರ ದಶಕದ ಕೊನೆಯಲ್ಲಿ ರೂಪುಗೊಂಡ ಜಯನಗರವೂ ಇದೇ ಪರಂಪರೆಯ ಕೂಸು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಜಯನಗರದ ನಿವಾಸಿಗೆ ಪ್ಲೇಗು ಬಾರದಿರಲು ಕಾರಣ ಆತನ ವೈಯಕ್ತಿಕ ಶುಚಿತ್ವವೊಂದೇ ಅಲ್ಲ. ಆತ ಹುಟ್ಟುವ ಮೊದಲೇ ಯಾರೋ ಆತನಿಗಾಗಿ ಚರಂಡಿ ತೋಡಿದ್ದರು. ಆರೋಗ್ಯವು ವ್ಯಕ್ತಿಯ ಸಾಧನೆಯಾಗುವುದಕ್ಕೆ ಮುಂಚೆ ಸಮುದಾಯದ ಸಾಧನೆ. ಹಾಗಾದರೆ ಬಡಾವಣೆಯ ನಕ್ಷೆಯಲ್ಲಿ ಸ್ಥಳವೇ ಸಿಗದ, ನಲ್ಲಿಗೆ ಬದಲು ಟ್ಯಾಂಕರ್ ಕಾಯುವ ಓಣಿಯವನಿಗೆ ಕಾಯಿಲೆ ಬಂದಾಗ ಅದನ್ನು ಆತನ ಅಜ್ಞಾನದ ಫಲವೆನ್ನುವುದು ಎಷ್ಟು ನ್ಯಾಯ?

ಆಸ್ಪತ್ರೆಯಿಂದ ಹೊರಬಂದವರು

ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡವರಲ್ಲಿ ನಮ್ಮ ನೆರೆಯವರೇ ಇದ್ದಾರೆಂಬುದು ಅನೇಕ ಕಥೋಲಿಕ ಕುಟುಂಬಗಳಿಗೆ ತಿಳಿಯದು.

1943ರಲ್ಲಿ ಆಂಧ್ರದ ಗುಂಟೂರಿನಲ್ಲಿ 16 ಮಂದಿ ಧರ್ಮಭಗಿನಿಯರು ಸೇರಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಅವರಿಗೆ ಮುಂದಾಳಾಗಿದ್ದವರು ಆಸ್ಟ್ರೇಲಿಯಾದಿಂದ 1920ರಲ್ಲಿ ಬಂದ ವೈದ್ಯೆ, ಧರ್ಮಭಗಿನಿ ಡಾ. ಮೇರಿ ಗ್ಲೌರಿ. ಕಥೋಲಿಕರದೇ ಆದ ವೈದ್ಯಕೀಯ ಕಾಲೇಜೊಂದು ಈ ದೇಶದಲ್ಲಿ ಆಗಬೇಕೆಂಬುದು ಅವರ ಹಂಬಲವಾಗಿತ್ತು. ಅವರು 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕಣ್ಣುಮುಚ್ಚಿದರು. ಆರು ವರ್ಷಗಳ ನಂತರ, 1963ರಲ್ಲಿ, ಇದೇ ನಗರದಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಲ್ಲಿ ಓದಿದವರು ವೈದ್ಯರ ಅಭಾವವಿರುವ ಕಡೆಗಳಲ್ಲಿ ಸೇವೆ ಸಲ್ಲಿಸಬೇಕೆಂಬ ನಿಯಮ ಬಂದಿತು. ಅಲ್ಲಿ ತರಬೇತಿ ಪಡೆದ ಸಮುದಾಯ ಆರೋಗ್ಯ ಕಾರ್ಯಕರ್ತರಲ್ಲಿ ಹಳ್ಳಿಗಾಡಿನ ಕಾನ್ವೆಂಟುಗಳ ಧರ್ಮಭಗಿನಿಯರೂ ಇದ್ದರು.

1973ರಲ್ಲಿ ಆ ಕಾಲೇಜಿನ ಸಮುದಾಯ ವೈದ್ಯ ವಿಭಾಗವು ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಆ ಊರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವಿತ್ತು. ಮಾರಿದ ಹಾಲಿನ ಲೀಟರಿಗೆ ಇಷ್ಟು ಪೈಸೆಯೆಂದು ಎತ್ತಿಟ್ಟು, ಆ ಹಣದಿಂದ ಊರವರೇ ತಮ್ಮ ಆರೋಗ್ಯ ಕೇಂದ್ರವನ್ನು ನಡೆಸಿಕೊಳ್ಳುವ ವ್ಯವಸ್ಥೆ ಅಲ್ಲಿ ರೂಪುಗೊಂಡಿತು. ಹಸುವಿನ ಕೆಚ್ಚಲಿನಿಂದಲೇ ಊರಿನ ಆರೋಗ್ಯಕ್ಕೂ ಬಂಡವಾಳ ಹುಟ್ಟಿತು! ಆರೋಗ್ಯವು ದಾನವಾಗಿ ಮೇಲಿನಿಂದ ಇಳಿಯಬೇಕಾಗಿಲ್ಲ, ಜನರ ಸಹಕಾರದಿಂದ ಮೇಲೇರಿ ಬರಬಹುದೆಂಬುದಕ್ಕೆ ಮಳ್ಳೂರು ಸಾಕ್ಷಿಯಾಯಿತು.

ಆದರೂ ಕೆಲವರಿಗೆ ಇಷ್ಟು ಸಾಲದೆನಿಸಿತು. ಸಂತ ಜಾನರ ಕಾಲೇಜಿನ ಸಮುದಾಯ ವೈದ್ಯ ವಿಭಾಗದಲ್ಲಿದ್ದ ಡಾ. ರವಿ ನಾರಾಯಣ್, ಡಾ. ತೆಲ್ಮಾ ನಾರಾಯಣ್ ದಂಪತಿಗಳು ಮತ್ತು ಸಂಗಡಿಗರು ಕಾಲೇಜಿನ ಹುದ್ದೆ ಬಿಟ್ಟು ಹೊರಬಂದು, 1984ರಲ್ಲಿ ಕಮ್ಯುನಿಟಿ ಹೆಲ್ತ್ ಸೆಲ್ ಎಂಬ ಪುಟ್ಟ ಬಳಗವನ್ನು ಕಟ್ಟಿದರು. ಅದು ಹಾಸಿಗೆಗಳಿಲ್ಲದ ಸಂಸ್ಥೆ. ಅಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಯಿಲ್ಲ, ಔಷಧದ ಅಂಗಡಿಯಿಲ್ಲ. ಜನರೊಡನೆ ಕೆಲಸ ಮಾಡುವ ಸಂಘಸಂಸ್ಥೆಗಳ ಜೊತೆಗೂಡಿ ಅಧ್ಯಯನ, ಚಿಂತನೆ, ಕ್ರಿಯೆ ಈ ಮೂರನ್ನೂ ಒಟ್ಟಿಗೆ ನಡೆಸುವುದೇ ಅದರ ಕಾಯಕ. ಅದೇ ವರ್ಷದ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತ ಸಂಭವಿಸಿದಾಗ, ಮೆಡಿಕೋ ಫ್ರೆಂಡ್ ಸರ್ಕಲ್ ಎಂಬ ವೈದ್ಯಮಿತ್ರರ ಬಳಗವು 1985ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಇವರೂ ದುಡಿದರು. 1991ರಲ್ಲಿ ಈ ಬಳಗಕ್ಕೆ ಸೊಚಾರಾ ಎಂಬ ಹೆಸರಿನ ನೋಂದಾಯಿತ ಸಂಘದ ರೂಪ ಬಂದಿತು. ಕೋರಮಂಗಲದ ಜಕ್ಕಸಂದ್ರದಲ್ಲಿ, ಅನಂತರ ಬಿ.ಟಿ.ಎಂ. ಬಡಾವಣೆಗೆ ಅಂಟಿಕೊಂಡಂತಿರುವ ಮಡಿವಾಳದ ಮಾರುತಿನಗರದಲ್ಲಿ ಅದು ನೆಲೆ ಕಂಡಿತು. 1993ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವು ತನ್ನ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಕೈಗೊಂಡ ಆತ್ಮಾವಲೋಕನಕ್ಕೂ ಇವರ ನೆರವು ದೊರೆಯಿತು.

ಇದೇ ಹಾದಿಯ ಇನ್ನೊಬ್ಬರು ಡಾ. ಎಚ್. ಸುದರ್ಶನ್. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಆರಂಭಿಸಿ, ಯಳಂದೂರು ತಾಲ್ಲೂಕಿನ ಕುಷ್ಠರೋಗ ನಿವಾರಣೆಗೆಂದು ಕರುಣಾ ಟ್ರಸ್ಟನ್ನು ಕಟ್ಟಿದವರು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯನ್ನೂ ಆ ಟ್ರಸ್ಟ್ ವಹಿಸಿಕೊಂಡಿತು. ಅವರ ಅಧ್ಯಕ್ಷತೆಯಲ್ಲಿ 1999ರಿಂದ 2001ರವರೆಗೆ ಕೆಲಸ ಮಾಡಿದ ಕರ್ನಾಟಕದ ಆರೋಗ್ಯ ಕಾರ್ಯಪಡೆಯಲ್ಲಿ ಡಾ. ತೆಲ್ಮಾ ನಾರಾಯಣ್ ಅವರೂ ಸದಸ್ಯರಾಗಿದ್ದರು.

ಅಜ್ಞಾನಿಗಳು ಯಾರು?

ಬಡವರ ಆರೋಗ್ಯದ ಮಾತು ಬಂದಾಗಲೆಲ್ಲ ನಾವು ಸಭ್ಯ ಜನರು ಮೊದಲು ಆಡುವ ಮಾತು ಒಂದೇ: ಅವರಿಗೆ ತಿಳಿವಳಿಕೆ ಇಲ್ಲ, ಅರಿವು ಮೂಡಿಸಬೇಕು. ಈ ಮಾತನ್ನು ಪರೀಕ್ಷೆಗೊಡ್ಡಿದ ಅಧ್ಯಯನವೊಂದು ನಮ್ಮ ನೆರೆಯ ತುಮಕೂರು ಜಿಲ್ಲೆಯಲ್ಲಿಯೇ ನಡೆದಿದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಾ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಅವರು ಹಳ್ಳಿಗಳ ಕ್ಷಯರೋಗಿಗಳನ್ನು ಅವರವರ ಮನೆಗಳಲ್ಲಿ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅದರ ಫಲಿತಾಂಶ ಪಂಡಿತರನ್ನು ಬೆರಗುಗೊಳಿಸಿತು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅನೇಕರು ಆ ಬಗ್ಗೆ ಚಿಂತಿತರಾಗಿದ್ದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಅರಸಿ ಹೋಗಿಯೂ ಬಂದಿದ್ದರು. ಅವರಿಗೆ ಅಲ್ಲಿ ದೊರೆತದ್ದು ರೋಗದ ಪತ್ತೆಯಲ್ಲ, ಕೆಮ್ಮಿನ ಔಷಧದ ಸೀಸೆ!

ತರ್ಕಶಾಸ್ತ್ರದಲ್ಲಿ ಕಾರಣವನ್ನೂ ಕಾರ್ಯವನ್ನೂ ಅದಲು ಬದಲು ಮಾಡುವ ದೋಷವೊಂದುಂಟು. ರೋಗಿ ಬಾರದಿರುವುದರಿಂದ ಆಸ್ಪತ್ರೆ ವಿಫಲವಾಯಿತೆಂದು ನಾವು ಭಾವಿಸುತ್ತೇವೆ. ಆಸ್ಪತ್ರೆ ವಿಫಲವಾದ್ದರಿಂದ ರೋಗಿ ಮತ್ತೆ ಬರಲಿಲ್ಲ ಎಂಬ ಸಾಧ್ಯತೆ ನಮಗೆ ತೋಚುವುದೇ ಇಲ್ಲ. ಹಳ್ಳಿಯ ಬಡವ ಎತ್ತಿನ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ತನ್ನ ಪಾಲಿನ ದಾರಿ ಸವೆಸಿ ಬಂದಿದ್ದ. ಉಳಿದರ್ಧ ದಾರಿಯನ್ನು ಸವೆಸಬೇಕಾದವರು ಈಚೆಯವರಾಗಿದ್ದರು.

ಕಡಲಾಚೆಯ ಪಾಠಗಳು

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ಅನುಭವವಲ್ಲ. 1957ರಲ್ಲಿ ಆಫ್ರಿಕಾದ ಕೀನ್ಯಾ ದೇಶದ ನೈರೋಬಿಯಲ್ಲಿ ಮೂವರು ಶಸ್ತ್ರವೈದ್ಯರು ವಿಮಾನದಲ್ಲಿ ಹಾರಿ ಹೋಗಿ ದುರ್ಗಮ ಊರುಗಳಲ್ಲಿ ಚಿಕಿತ್ಸೆ ನೀಡುವ ಸಂಸ್ಥೆಯೊಂದನ್ನು ಆರಂಭಿಸಿದರು. ಅದೇ ಇಂದು ಆಮ್ರೆಫ್ ಎಂದು ಪ್ರಸಿದ್ಧವಾಗಿದೆ. ವಿಮಾನ ಬಂದ ದಿನ ಊರಿಗೆ ವೈದ್ಯರುಂಟು, ಹಾರಿಹೋದ ಮರುದಿನ? ಕಾಲಕ್ರಮದಲ್ಲಿ ಆ ಸಂಸ್ಥೆ ಊರಿನಲ್ಲಿಯೇ ಉಳಿಯುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡುವುದನ್ನು ತನ್ನ ಮುಖ್ಯ ಕೆಲಸಗಳಲ್ಲೊಂದಾಗಿ ಮಾಡಿಕೊಂಡಿತು.

ಜಿಂಬಾಬ್ವೆಯ ಉದಾಹರಣೆ ಇನ್ನೂ ಹೃದ್ಯವಾದುದು. ಅಲ್ಲಿಯ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರವಾದ ಕಾಯಿಲೆಯನ್ನು ಅತಿಯಾಗಿ ಯೋಚಿಸುವುದು ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ನಮ್ಮವರು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎನ್ನುತ್ತಾರಲ್ಲ, ಹಾಗೆ. 2006ರಲ್ಲಿ ಮನೋವೈದ್ಯ ಡಾ. ಡಿಕ್ಸನ್ ಚಿಬಾಂಡಾ ಅವರು ರಾಜಧಾನಿ ಹರಾರೆಯಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಚಿಕಿತ್ಸಾಲಯದ ಹೊರಗಿನ ಮರದ ಬೆಂಚಿನ ಮೇಲೆ ಕುಳ್ಳಿರಿಸಿದರು. ನೊಂದವರು ಬಂದು ಅಜ್ಜಿಯ ಪಕ್ಕ ಕುಳಿತು ಮಾತನಾಡುತ್ತಾರೆ. ಅಜ್ಜಿ ಕೇಳಿಸಿಕೊಂಡು, ಕಷ್ಟಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ದಾರಿ ಹುಡುಕಲು ನೆರವಾಗುತ್ತಾಳೆ. 573 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ನೆರವು ಪಡೆದವರ ಖಿನ್ನತೆಯು ಎಂದಿನ ಚಿಕಿತ್ಸೆ ಪಡೆದವರಿಗಿಂತ ಗಮನಾರ್ಹವಾಗಿ ತಗ್ಗಿದ್ದು ಕಂಡುಬಂದಿತು. ನಮ್ಮ ಜಯನಗರ, ಜೆ.ಪಿ. ನಗರಗಳ ಉದ್ಯಾನಗಳಲ್ಲಿ ಬೆಂಚುಗಳಿಗೆ ಬರವಿಲ್ಲ. ಬೆಳಗಿನ ಬಲಿಪೂಜೆ ಮುಗಿಸಿ ಅಲ್ಲಿ ಕುಳಿತುಕೊಳ್ಳುವ ಅಜ್ಜಿಯರಿಗೂ ಬರವಿಲ್ಲ.

1978ರ ಸೆಪ್ಟೆಂಬರಿನಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾದಲ್ಲಿ ಸೇರಿದ ರಾಷ್ಟ್ರಗಳು 2000ದ ವೇಳೆಗೆ ಎಲ್ಲರಿಗೂ ಆರೋಗ್ಯ ಎಂಬ ಗುರಿಯನ್ನು ಸಾರಿದವು. 2000 ಬಂದಿತು, ಗುರಿ ಬರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಸಾವರ್‌ನಲ್ಲಿ ಜನಾರೋಗ್ಯ ಸಮಾವೇಶ ನಡೆದು, ಅದರಿಂದ ವಿಶ್ವವ್ಯಾಪಿಯಾದ ಜನಾರೋಗ್ಯ ಆಂದೋಲನ ಹುಟ್ಟಿತು. 2003ರಲ್ಲಿ ಆ ಆಂದೋಲನದ ಜಾಗತಿಕ ಕಾರ್ಯಾಲಯ ನಮ್ಮ ಬೆಂಗಳೂರಿನ ಕಮ್ಯುನಿಟಿ ಹೆಲ್ತ್ ಸೆಲ್‌ಗೆ ಬಂದು, ಡಾ. ರವಿ ನಾರಾಯಣ್ ಅದರ ಸಂಚಾಲಕರಾದರು. 2012ರಲ್ಲಿ ಆಂದೋಲನದ ಮೂರನೆಯ ಸಮಾವೇಶ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಜರುಗಿತು. ಹೀಗೆ ಕೋರಮಂಗಲದ ಚಿಂತನೆ ಖಂಡಾಂತರಗಳನ್ನು ಮುಟ್ಟಿತು. ಪಕ್ಕದ ಬೀದಿಯ ನಮ್ಮನ್ನು ಮುಟ್ಟಿತೇ ಎಂಬುದು ಬೇರೆ ಪ್ರಶ್ನೆ.

ಒಂದು ದಿನದ ಶಿಬಿರ

ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬದ ಸಂದರ್ಭಕ್ಕೆ ಉಚಿತ ಆರೋಗ್ಯ ಶಿಬಿರ ಏರ್ಪಡಿಸುವ ಪದ್ಧತಿಯಿದೆ. ಶಾಮಿಯಾನ ಏಳುತ್ತದೆ, ವೈದ್ಯರು ಬರುತ್ತಾರೆ, ರಕ್ತದೊತ್ತಡ, ಸಕ್ಕರೆ ಅಳೆಯಲಾಗುತ್ತದೆ, ಹತ್ತು ದಿನದ ಮಾತ್ರೆ ಕೊಡಲಾಗುತ್ತದೆ. ಇದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಮರೆಯಾಗಿದ್ದ ರೋಗವೊಂದು ಅಲ್ಲಿ ಪತ್ತೆಯಾದರೂ ಅದು ಪುಣ್ಯಕಾರ್ಯವೇ. ಆದರೆ ಸಕ್ಕರೆ ಕಾಯಿಲೆ ವರ್ಷಕ್ಕೊಮ್ಮೆ ಬರುವ ಹಬ್ಬವಲ್ಲ, ಪ್ರತಿದಿನದ ಸಂಗಾತಿ. ಹನ್ನೊಂದನೆಯ ದಿನ ಆ ತಾಯಿ ಮಾತ್ರೆಗೆ ಎಲ್ಲಿಗೆ ಹೋಗಬೇಕು? ಅದಕ್ಕೆ ಉತ್ತರವಿಲ್ಲದ ಶಿಬಿರವು ಆಕೆಗೆ ಕಾಯಿಲೆಯ ಹೆಸರನ್ನು ಮಾತ್ರ ಕೊಟ್ಟಂತಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ನೋವಿನಿಂದ ನರಳುವವನ ಮುಂದೆ ಸಮಾಜ ಪರಿವರ್ತನೆಯ ಉಪನ್ಯಾಸ ಮಾಡಲಾದೀತೇ? ಆತನಿಗೆ ಬೇಕಾದದ್ದು ಈಗಿಂದೀಗಲೇ ಔಷಧವಲ್ಲವೇ? ನಿಜ. ಔಷಧ ಬೇಡವೆಂದು ಸಮುದಾಯ ಆರೋಗ್ಯದ ಯಾವ ಕಾರ್ಯಕರ್ತರೂ ಹೇಳಿಲ್ಲ. ಔಷಧದ ಆಚೆಗೂ ನೋಡಿ ಎಂದಿದ್ದಾರೆ, ಅಷ್ಟೇ. ಔಷಧಕ್ಕಿಂತ ಅನ್ನವೇ ಮುಂದಾಗಿ ಕೆಲಸ ಮಾಡಬಲ್ಲುದೆಂಬುದಕ್ಕೆ ಈಚಿನ ಪುರಾವೆಯೂ ಇದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡದಲ್ಲಿ ಕ್ಷಯರೋಗಿಗಳ ಕುಟುಂಬದವರಿಗೆ ತಿಂಗಳು ತಿಂಗಳೂ ಅಕ್ಕಿ, ಬೇಳೆ ಒದಗಿಸಿ ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪೋಷಣೆ ದೊರೆತ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ತಗಲುವ ಪ್ರಮಾಣ ಶೇ. 39ರಷ್ಟು, ಅದರಲ್ಲಿಯೂ ಇತರರಿಗೆ ಹರಡುವ ಬಗೆಯ ಕ್ಷಯದ ಪ್ರಮಾಣ ಶೇ. 48ರಷ್ಟು ಇಳಿದಿತ್ತು. ನಮ್ಮ ಅಜ್ಜಿಯರು ಒಲೆಯ ಬಳಿ ಎತ್ತಿಡುತ್ತಿದ್ದ ಹಿಡಿ ಅಕ್ಕಿಗೆ ಎಂತಹ ಶಕ್ತಿ!

ನಮ್ಮ ಹೊಸ್ತಿಲಲ್ಲಿ

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾದರೆ ಈ ಮಾತು ನಮ್ಮ ಅಡುಗೆಮನೆಗೂ ಸಂಬಂಧಿಸಿದ್ದೇ. ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಹೆಂಗಸಿಗೆ ಮೂರು ವಾರದಿಂದ ಕೆಮ್ಮು ಎಂದಿಟ್ಟುಕೊಳ್ಳೋಣ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂದು ಆಕೆ ಗೋಡೆಯ ಮೇಲಿನ ಬರಹದಲ್ಲಿ ಓದಿದ್ದಾಳೆ. ಸರ್ಕಾರಿ ಕೇಂದ್ರದಲ್ಲಿ ಪರೀಕ್ಷೆಯೂ ಔಷಧವೂ ಉಚಿತವೆಂದು ಆಶಾ ಕಾರ್ಯಕರ್ತೆ ಹೇಳಿದ್ದಾಳೆ. ಆದರೂ ಆಕೆ ಹೋಗುವುದಿಲ್ಲ. ಹೋದರೆ ಬೆಳಗಿನ ಕೆಲಸ ತಪ್ಪುತ್ತದೆ, ಸಂಬಳ ಹಿಡಿಯುತ್ತಾರೆ. ರೋಗವಿದೆಯೆಂದು ಗೊತ್ತಾದರಂತೂ ನಾಲ್ಕೂ ಮನೆಗಳ ಬಾಗಿಲು ಮುಚ್ಚುತ್ತದೆ. ಹೀಗಾಗಿ ಆಕೆ ಸೆರಗಿನಲ್ಲಿ ಕೆಮ್ಮನ್ನು ಅಡಗಿಸಿಕೊಂಡು, ನಮ್ಮ ಮಕ್ಕಳ ಊಟದ ಡಬ್ಬಿ ತೊಳೆಯುತ್ತಾಳೆ.

ಈ ಪ್ರಸಂಗದಲ್ಲಿ ಆರೋಗ್ಯಕ್ಕೆ ಅಡ್ಡಿಯಾದದ್ದು ಯಾವುದು? ಆಸ್ಪತ್ರೆಯ ಅಭಾವವಲ್ಲ, ಔಷಧದ ಬೆಲೆಯಲ್ಲ, ಅಜ್ಞಾನವೂ ಅಲ್ಲ. ಅಡ್ಡಿಯಾಗಿರುವುದು ನಾವು. ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಾ ಅಮ್ಮಾ, ಸಂಬಳ ಹಿಡಿಯುವುದಿಲ್ಲ, ಕೆಲಸ ನಿನ್ನದೇ ಎಂಬ ಒಂದು ಮಾತು ಆಕೆಯನ್ನೂ ಆಕೆಯ ಮಕ್ಕಳನ್ನೂ ನಮ್ಮ ಮಕ್ಕಳನ್ನೂ ಕಾಪಾಡಬಲ್ಲುದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಸರಿಯಾದ ಔಷಧ ಆರಂಭವಾದ ಕೆಲವು ವಾರಗಳಲ್ಲಿಯೇ ಸೋಂಕು ಹರಡುವ ಸಾಧ್ಯತೆ ಬಹಳಷ್ಟು ತಗ್ಗುತ್ತದೆ. ಅಲ್ಲಿಯವರೆಗೆ ಸಂಬಳಸಹಿತ ರಜೆ ಕೊಡುವುದು ದಾನವಲ್ಲ, ನ್ಯಾಯ.

ಇದಲ್ಲದೆ ಧರ್ಮಕೇಂದ್ರವಾಗಿ ಮಾಡಬಹುದಾದ ಕೆಲಸಗಳೂ ಇವೆ. ಸರ್ಕಾರವು ಕ್ಷಯರೋಗಿಗಳಿಗೆ 2018ರಿಂದ ತಿಂಗಳಿಗೆ 500 ರೂಪಾಯಿಯನ್ನು ಪೋಷಣೆಗೆಂದು ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿಯಾಗಿದೆ. 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ನಿ-ಕ್ಷಯ ಮಿತ್ರ ಯೋಜನೆಯಲ್ಲಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ರೋಗಿಗಳ ಪೋಷಣೆಯ ಹೊಣೆ ಹೊರಲು ಅವಕಾಶವಿದೆ. ತಪಸ್ಸುಕಾಲದಲ್ಲಿ ನಾವು ಉಪವಾಸವಿದ್ದು ಉಳಿಸಿದ ಹಿಡಿ ಅಕ್ಕಿ ಹೀಗೆ ಒಂದು ಕುಟುಂಬಕ್ಕೆ ಆರು ತಿಂಗಳು ತಪ್ಪದೆ ತಲುಪಲಿ. ನಗರ ಆರೋಗ್ಯ ಅಭಿಯಾನದಡಿ ಬಡ ಓಣಿಗಳಲ್ಲಿ 50ರಿಂದ 100 ಮನೆಗಳಿಗೊಂದರಂತೆ ಮಹಿಳಾ ಆರೋಗ್ಯ ಸಮಿತಿಗಳು ಇರಬೇಕೆಂಬ ನಿಯಮವಿದೆ. ನಮ್ಮ ಸಮೀಪದ ಓಣಿಯಲ್ಲಿ ಅಂತಹ ಸಮಿತಿ ಇದೆಯೇ, ಸಭೆ ಸೇರುತ್ತದೆಯೇ, ಅದಕ್ಕೆ ಏನು ಬೇಕು ಎಂದು ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರೂ ಮಹಿಳಾ ಸಂಘದವರೂ ಹೋಗಿ ಕೇಳಲಿ. ಹೇಳಲು ಹೋಗುವುದು ಬೇಡ, ಕೇಳಲು ಹೋಗಲಿ. ವರ್ಷಕ್ಕೊಮ್ಮೆ ಶಿಬಿರ ನಡೆದರೆ, ಅಲ್ಲಿ ರೋಗ ಪತ್ತೆಯಾದ ಪ್ರತಿಯೊಬ್ಬರ ಹೆಸರಿನ ಮುಂದೆ ಅವರೊಡನೆ ಆಸ್ಪತ್ರೆಗೆ ಹೋಗುವ ಒಬ್ಬರ ಹೆಸರೂ ಇರಲಿ.

ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಕೊಳವೊಂದರ ದಡದಲ್ಲಿ ಕಾದಿದ್ದ, 38 ವರ್ಷಗಳಿಂದ ರೋಗಿಯಾಗಿದ್ದವನ ಕಥೆ ಬರುತ್ತದೆ. ಗುಣವಾಗುವ ಕೊಳ ಕಣ್ಣೆದುರಿಗೇ ಇತ್ತು. ನೀರು ಕಲಕುವ ಹೊತ್ತೂ ಆತನಿಗೆ ತಿಳಿದಿತ್ತು. ಗುಣವಾಗಲು ಮನಸ್ಸಿದೆಯೇ ಎಂದು ಪ್ರಭು ಕೇಳಿದಾಗ ಆತ ಹೇಳಿಕೊಂಡ ಕೊರತೆ ಒಂದೇ: ತನ್ನನ್ನು ಕೊಳಕ್ಕಿಳಿಸುವವರು ಯಾರೂ ಇಲ್ಲ. ಪ್ರಭು ಆತನನ್ನು ತಾವೇ ಗುಣಪಡಿಸಿದರು. ಆದರೆ ಅಷ್ಟು ಕಾಲ ಆ ದಡದಲ್ಲಿ ಓಡಾಡಿದ ಊರವರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಉಳಿದೇ ಇದೆ. ದಕ್ಷಿಣ ಬೆಂಗಳೂರಿನಲ್ಲಿ ಕೊಳಗಳು ಬೇಕಾದಷ್ಟಿವೆ. ಈ ವಾರ ನಮ್ಮ ಮನೆಯ ಕೆಲಸಕ್ಕೆ ಬರುವವರು ಕೆಮ್ಮಿದರೆ, ಎಷ್ಟು ದಿನದಿಂದ ಎಂದು ಕೇಳೋಣ. ಅವರೊಡನೆ ಹೊರಡಲು ಒಂದು ಬೆಳಗನ್ನು ಬಿಡುವು ಮಾಡಿಕೊಳ್ಳೋಣ.